ಶಿವನಸಮುದ್ರದಿಂದ ನಮ್ಮ ಮನೆಯ ದೀಪದವರೆಗೆ

ಮುಸ್ಸಂಜೆಯಲ್ಲಿ ಗೋಡೆಯ ಗುಂಡಿಯನ್ನು ಒತ್ತಿ, ಬೆಳಕು ಮೂಡಿದೊಡನೆ ಕೈಜೋಡಿಸಿ ನಮಸ್ಕರಿಸುವ ವಾಡಿಕೆ ಮತ್ತಿಗಿರಿಯ ಕೆಲವು ಹಳೆಯ ಮನೆಗಳಲ್ಲಿ ಇನ್ನೂ ಉಳಿದಿದೆ. ನಮ್ಮ ಅಜ್ಜಿಯವರು ಹಾಗೆಯೇ ಮಾಡುತ್ತಿದ್ದರು. ಎಣ್ಣೆಯ ದೀಪಕ್ಕೆ ಸಲ್ಲುತ್ತಿದ್ದ ಗೌರವವನ್ನು ಅವರು ಗಾಜಿನ ಬುರುಡೆಗೂ ಸಲ್ಲಿಸಿದರು, ಅದರಲ್ಲಿ ಭೇದವೆಣಿಸಲಿಲ್ಲ. ಆದರೆ ಆ ಬುರುಡೆಯೊಳಗಿನ ಬೆಳಕು ಎಲ್ಲಿಂದ ಬಂತು, ಯಾವ ನಿಯಮಕ್ಕೆ ಒಳಪಟ್ಟು ಬಂತು ಎಂದು ನಾವು ಹುಡುಗರು ಕೇಳಿದರೆ ಮನೆಯಲ್ಲಿ ಯಾರೂ ತೃಪ್ತಿಕರವಾದ ಉತ್ತರ ಕೊಡುತ್ತಿರಲಿಲ್ಲ. "ತಂತಿಯಲ್ಲಿ ಬರುತ್ತದೆ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ತಂತಿಯಲ್ಲಿ ಬರುವುದು ನಿಜ. ಆ ತಂತಿಗೆ ಒಂದು ಇತಿಹಾಸವಿದೆ. ಅದು ನಮ್ಮ ಗಡಿನಾಡಿಗೆ ಸಂಬಂಧಪಟ್ಟದ್ದೂ ಹೌದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳು ಭೂಮಿಯ ಆಳಕ್ಕೆ ಇಳಿಯುತ್ತ ನಡೆದಿದ್ದವು. ಆಳಕ್ಕೆ ಇಳಿದಷ್ಟೂ ನೀರನ್ನು ಮೇಲೆತ್ತಲು, ಅದಿರನ್ನು ಕುಟ್ಟಿ ಪುಡಿಮಾಡಲು, ಗಾಳಿಯನ್ನು ಒಳಗೆ ನೂಕಲು ಹೆಚ್ಚು ಶಕ್ತಿ ಬೇಕು. ಉಗಿಯಂತ್ರಗಳು ಕಲ್ಲಿದ್ದಲು, ಸೌದೆಗಳನ್ನು ನುಂಗುತ್ತಿದ್ದವು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ, ಇದ್ದುದು ಕಾವೇರಿ. ಶಿವನಸಮುದ್ರದಲ್ಲಿ ಆ ನದಿ ಎರಡು ಕವಲಾಗಿ ಒಡೆದು ಪ್ರಪಾತಕ್ಕೆ ಧುಮುಕುತ್ತದೆ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಸಂಸ್ಥಾನದ ಇಂಜಿನಿಯರಾಗಿದ್ದ ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯರ್ ಎಂಬಾತನು ಆ ಜಲಪಾತದ ಬಲದಿಂದ ವಿದ್ಯುತ್ತನ್ನು ಉತ್ಪಾದಿಸಿ ಗಣಿಗೆ ಕಳುಹಿಸುವ ಯೋಜನೆಯನ್ನು ಮುಂದಿಟ್ಟನು. ವಿದ್ಯುದ್ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೂ ಜಲಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯೂ ಒದಗಿಸಿದವು. ಮದ್ದೂರಿನ ರೈಲು ನಿಲ್ದಾಣದಿಂದ ಮುಂದಕ್ಕೆ ಆ ಭಾರವಾದ ಲೋಹದ ಭಾಗಗಳನ್ನು ಸಾಗಿಸಿದ್ದು ಎತ್ತಿನ ಬಂಡಿಗಳು ಮತ್ತು ಆನೆಗಳು.

1902ನೆಯ ಇಸವಿ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿತು. ತಂತಿಯ ಉದ್ದ 92 ಮೈಲಿ. ಈ ಮಹತ್ಕಾರ್ಯಕ್ಕೆ ಬೆನ್ನೆಲುಬಾಗಿದ್ದ ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ಕಾಣಲಿಲ್ಲ. 1901ರ ಸೆಪ್ಟೆಂಬರಿನಲ್ಲಿಯೇ ಅವರು ಕಾಲವಾಗಿದ್ದರು.

ನಮ್ಮವರಲ್ಲಿ ಅಭಿಮಾನದ ಭರದಲ್ಲಿ ಕೆಲವು ಅತಿಶಯೋಕ್ತಿಗಳು ಬೆಳೆದುಬಂದಿವೆ. ಶಿವನಸಮುದ್ರವೇ ಭಾರತದ ಮೊದಲ ಜಲವಿದ್ಯುತ್ ಕೇಂದ್ರವೆಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಡಾರ್ಜಿಲಿಂಗಿನ ಬಳಿ 1897ರಲ್ಲಿಯೇ ಒಂದು ಚಿಕ್ಕ ಕೇಂದ್ರ ಕೆಲಸ ಮಾಡುತ್ತಿತ್ತು. ಬೆಂಗಳೂರಿನ ಬೀದಿಗಳಲ್ಲಿ 1905ರ ಆಗಸ್ಟ್ 5ರಂದು ಹೊತ್ತಿಕೊಂಡ ದೀಪಗಳು ಏಷ್ಯಾ ಖಂಡದಲ್ಲಿಯೇ ಮೊದಲನೆಯವು ಎಂಬ ಮಾತೂ ನಿಲ್ಲುವುದಿಲ್ಲ. ಕಲ್ಕತ್ತೆಗೆ 1899ರಲ್ಲಿಯೇ ವಿದ್ಯುತ್ತು ಬಂದಿತ್ತು. ಜಗತ್ತಿನ ಅತ್ಯಂತ ಉದ್ದದ ತಂತಿ ಎಂದು ಹೇಳುವವರೂ ಇದ್ದಾರೆ. ಕ್ಯಾಲಿಫೋರ್ನಿಯದಲ್ಲಿ ಅದಕ್ಕೂ ಒಂದು ವರ್ಷ ಮೊದಲು 142 ಮೈಲಿಯ ತಂತಿಯನ್ನು ಎಳೆದಿದ್ದರು. ಇಷ್ಟಾದರೂ ನಮ್ಮ ಹೆಮ್ಮೆಗೆ ಕುಂದಿಲ್ಲ. ನಯಾಗರದ ವಿದ್ಯುತ್ತು ಇಪ್ಪತ್ತು ಚಿಲ್ಲರೆ ಮೈಲಿ ದೂರದ ಬಫಲೋ ನಗರವನ್ನು ಸೇರಿದ್ದು 1896ರಲ್ಲಿ. ಆರೇ ವರ್ಷಗಳಲ್ಲಿ ಒಂದು ದೇಶೀಯ ಸಂಸ್ಥಾನವು ಅದರ ಮೂರು ಪಟ್ಟಿಗೂ ಮಿಗಿಲಾದ ದೂರಕ್ಕೆ ಆ ವಿದ್ಯೆಯನ್ನು ಪ್ರಯೋಗಿಸಿತೆಂಬುದು ಸಾಮಾನ್ಯ ಸಂಗತಿಯೇ?

ಇನ್ನು ನಮ್ಮ ಊರಿನ ಮಾತಿಗೆ ಬರೋಣ. ವಾಚಕರು ದಯವಿಟ್ಟು ಒಂದು ನಕ್ಷೆಯನ್ನು ಬಿಡಿಸಿಕೊಂಡು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಅಡ್ಡಪಟ್ಟಿಯಿಟ್ಟು ಗೆರೆಯೆಳೆಯಬೇಕು. ಆ ಗೆರೆ ಹೊಸೂರು, ಮತ್ತಿಗಿರಿಗಳ ಮಗ್ಗುಲಲ್ಲಿಯೇ ಹಾಯುತ್ತದೆ! ಆ ನೇರ ಅಳತೆ ಸುಮಾರು 87 ಮೈಲಿ. ತಂತಿಯ ಉದ್ದ 92. ಎಂದರೆ ತಂತಿ ಹೆಚ್ಚಾಗಿ ಸುತ್ತಿ ಬಳಸಿ ಹೋಗಿಲ್ಲ. ಇಷ್ಟೇ ಹೆಚ್ಚುವರಿ ಉದ್ದವುಳ್ಳ ತಂತಿಯು ಎತ್ತ ಬಾಗಿದ್ದರೂ ನಮ್ಮೂರಿನಿಂದ ಇಪ್ಪತ್ತು ಮೈಲಿಗೂ ಆಚೆ ಸರಿದು ಹೋಗಿರಲು ಸಾಧ್ಯವಿಲ್ಲವೆಂಬುದನ್ನು ರೇಖಾಗಣಿತ ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು. ಒಂದು ದಿನದ ಕಾಲುನಡಿಗೆಯ ಒಳಗೆ, 1902ರಷ್ಟು ಹಿಂದೆಯೇ, ಸಾವಿರಾರು ಅಶ್ವಶಕ್ತಿಯ ಪ್ರವಾಹ ಹಗಲಿರುಳು ಹಾದುಹೋಗುತ್ತಿತ್ತು. ಇಲ್ಲಿನ ಹಳ್ಳಿಗಳಲ್ಲಿ ಮಾತ್ರ ಹರಳೆಣ್ಣೆಯ ಹಣತೆ, ಸೀಮೆಎಣ್ಣೆಯ ಬುಡ್ಡಿಗಳೇ ಉರಿಯುತ್ತಿದ್ದವು.

ಹೀಗೇಕಾಯಿತು? ಗಡಿಯೇ ಕಾರಣವೆಂದು ಹೇಳಿಬಿಡುವುದು ಸುಲಭ. ಹೊಸೂರು ತಾಲ್ಲೂಕು ಅಂದು ಮದ್ರಾಸ್ ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. ವಿದ್ಯುತ್ತು ಮೈಸೂರು ಸರ್ಕಾರದ್ದು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಮೈಸೂರು ಸೀಮೆಯೊಳಗಣ ಹಳ್ಳಿಗಳೂ ಅಂದು ಕತ್ತಲೆಯಲ್ಲಿಯೇ ಇದ್ದವೆಂಬುದನ್ನು ಮರೆಯಲಾಗದು. ಕಾರಣ ಗಡಿಗಿಂತ ಆಳವಾದದ್ದು. ಅದು ತಂತಿಯ ಒಳಗೇ ಇದೆ. ಅದನ್ನು ತಿಳಿಯಬೇಕಾದರೆ ವಿದ್ಯುತ್ತಿನ ನಡಿಗೆಯನ್ನು ಸ್ವಲ್ಪ ಅರಿಯಬೇಕು.

ಎತ್ತರದ ತೊಟ್ಟಿಯಿಂದ ಕೊಳವೆಯ ಮೂಲಕ ನೀರು ಕೆಳಗಿಳಿಯುತ್ತದೆ. ತೊಟ್ಟಿ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಒತ್ತಡ. ಕ್ಷಣಕ್ಕೆ ಎಷ್ಟು ನೀರು ಹರಿಯಿತೋ ಅದು ಪ್ರವಾಹ. ಕೊಳವೆ ಸಣ್ಣದಾಗಿ ಉದ್ದವಾಗಿದ್ದರೆ ತಡೆ ಹೆಚ್ಚು. ವಿದ್ಯುತ್ತಿನಲ್ಲಿ ಒತ್ತಡವನ್ನು ವೋಲ್ಟಿನಿಂದಲೂ ಪ್ರವಾಹವನ್ನು ಆಂಪಿಯರಿನಿಂದಲೂ ತಡೆಯನ್ನು, ಅಂದರೆ ರೋಧವನ್ನು, ಓಮ್ ಎಂಬ ಮಾನದಿಂದಲೂ ಅಳೆಯುತ್ತಾರೆ. ಒತ್ತಡವನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ. ಈ ಸರಳ ಸೂತ್ರವನ್ನು 1827ರಲ್ಲಿ ಪ್ರಕಟಿಸಿದವನು ಗೇಯಾರ್ಗ್ ಓಮ್ ಎಂಬ ಜರ್ಮನ್ ಶಾಲಾ ಉಪಾಧ್ಯಾಯ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು: ಕೊಳವೆ ಒಡೆದರೆ ನೀರು ಹೊರಚೆಲ್ಲುತ್ತದೆ, ತಂತಿ ಕಡಿದರೆ ಪ್ರವಾಹ ನಿಂತೇಹೋಗುತ್ತದೆ. ಹೊರಟ ಸ್ಥಳಕ್ಕೆ ಹಿಂದಿರುಗುವ ಪೂರ್ಣ ಮಂಡಲವಿಲ್ಲದೆ ವಿದ್ಯುತ್ತು ಹರಿಯದು. ಮನೆಗೆ ಎರಡು ತಂತಿಗಳು ಬರುವುದು ಇದಕ್ಕಾಗಿಯೇ. ಒಂದರಲ್ಲಿ ಬಂದುದು ಇನ್ನೊಂದರಲ್ಲಿ ಮರಳುತ್ತದೆ.

ರೋಧವುಳ್ಳ ತಂತಿಯಲ್ಲಿ ಪ್ರವಾಹ ಹರಿದಾಗ ತಂತಿ ಕಾಯುತ್ತದೆ. ಎಷ್ಟು ಕಾಯುತ್ತದೆಂಬುದನ್ನು ಇಂಗ್ಲೆಂಡಿನ ಜೂಲ್ 1841ರಲ್ಲಿ ತೋರಿಸಿದನು. ಪ್ರವಾಹ ಇಮ್ಮಡಿಯಾದರೆ ಶಾಖ ಇಮ್ಮಡಿಯಲ್ಲ, ನಾಲ್ಮಡಿ. ಪ್ರವಾಹ ಹತ್ತು ಪಟ್ಟಾದರೆ ಶಾಖ ನೂರು ಪಟ್ಟು. ಈ ಒಂದು ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಶಿವನಸಮುದ್ರದ ಕಥೆಯೂ, ಮುಂದೆ ಹೇಳಲಿರುವ ಒಂದು ಮನೆಯ ಕಥೆಯೂ ಇದರ ಮೇಲೆಯೇ ನಿಂತಿವೆ.

ಶಿವನಸಮುದ್ರದಲ್ಲಿ ಮೊದಲು ಸ್ಥಾಪಿಸಿದುದು ತಲಾ 720 ಕಿಲೋವ್ಯಾಟಿನ ಆರು ಯಂತ್ರಗಳು. ಒಟ್ಟು 4,320 ಕಿಲೋವ್ಯಾಟು. ಯಂತ್ರಗಳಿಂದ ಹೊರಬೀಳುವಾಗ ವಿದ್ಯುತ್ತಿನ ಒತ್ತಡ 2,200 ವೋಲ್ಟು. ಶಕ್ತಿಯೆಂದರೆ ಒತ್ತಡ, ಪ್ರವಾಹಗಳ ಗುಣಲಬ್ಧ. ಆದ್ದರಿಂದ ಅಷ್ಟೇ ಶಕ್ತಿಯನ್ನು ಒತ್ತಡ ಹೆಚ್ಚಿಸಿ, ಪ್ರವಾಹ ತಗ್ಗಿಸಿ ಸಾಗಿಸಬಹುದು. ಪರಿವರ್ತಕವೆಂಬ ಸಾಧನದಿಂದ ಒತ್ತಡವನ್ನು 30,000 ವೋಲ್ಟಿಗೆ ಏರಿಸಿದರು. ಪ್ರವಾಹ ಹದಿಮೂರೂವರೆ ಪಟ್ಟು ಇಳಿಯಿತು. ಅದೇ ತಂತಿಯಲ್ಲಿ ಶಾಖವಾಗಿ ವ್ಯರ್ಥವಾಗುವ ಭಾಗ ಸುಮಾರು 186ರಲ್ಲಿ ಒಂದಂಶಕ್ಕೆ ಇಳಿಯಿತು. ಹೀಗೆ ಮಾಡದಿದ್ದರೆ 92 ಮೈಲಿಯ ತಂತಿ ದಾರಿಯುದ್ದಕ್ಕೂ ಆಕಾಶವನ್ನು ಕಾಯಿಸುತ್ತಿತ್ತೇ ಹೊರತು ಗಣಿಗೆ ಏನೂ ಮುಟ್ಟುತ್ತಿರಲಿಲ್ಲ. ಎಡಿಸನ್ನನು 1882ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಕೇಂದ್ರವು 110 ವೋಲ್ಟಿನ ಏಕಮುಖ ವಿದ್ಯುತ್ತನ್ನು ಸುಮಾರು ಒಂದು ಮೈಲಿಯ ಆಚೆಗೆ ಲಾಭದಾಯಕವಾಗಿ ಕಳುಹಿಸಲಾರದೆ ಹೋದದ್ದೂ ಇದೇ ಕಾರಣದಿಂದ. ಪರಿವರ್ತಕವು ದಿಕ್ಕು ಬದಲಾಯಿಸುತ್ತಿರುವ ಪ್ರವಾಹದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಶಿವನಸಮುದ್ರದ ಪ್ರವಾಹ ಸೆಕೆಂಡಿಗೆ 25 ಆವರ್ತನೆಗಳದು. ಇಂದು ನಮ್ಮ ಮನೆಗಳಲ್ಲಿರುವುದು 50.

ಈಗ ನಮ್ಮ ಹಳ್ಳಿಗಳ ಕತ್ತಲೆಯ ಕಾರಣ ವಾಚಕರಿಗೆ ಹೊಳೆದಿರಬೇಕು. ದೂರ ಸಾಗಲು ಯಾವ ಗುಣ ನೆರವಾಯಿತೋ ಅದೇ ಗುಣ ಹತ್ತಿರದವರಿಗೆ ಅದನ್ನು ಎಟುಕದಂತೆ ಮಾಡಿತು. 30,000 ವೋಲ್ಟಿನ ತಂತಿಯಿಂದ ಒಂದು ಎಳೆಯನ್ನು ಇಳಿಸಿ ಗುಡಿಸಲಿನ ದೀಪಕ್ಕೆ ಜೋಡಿಸುವುದು, ತುಂಬಿದ ಕೆರೆಯ ತೂಬಿಗೆ ಬಾಯಿಟ್ಟು ನೀರು ಕುಡಿದಂತೆ. ಒತ್ತಡ ಇಳಿಸುವ ಪರಿವರ್ತಕ ಬೇಕು, ಅದಕ್ಕೆ ರಕ್ಷಣೆಯ ಸಲಕರಣೆ, ನೋಡಿಕೊಳ್ಳುವ ಜನ, ಅಲ್ಲಿಂದ ಮನೆಮನೆಗೆ ಬೇರೆ ತಂತಿ, ಬೇರೆ ಕಂಬ. ಗಣಿಯೆಂಬ ಒಬ್ಬನೇ ಗಿರಾಕಿ ಸಾವಿರಾರು ಅಶ್ವಶಕ್ತಿಯನ್ನು ಕೊಳ್ಳುವಾಗ, ರಾತ್ರಿ ಎರಡು ಗಂಟೆ ಉರಿದು ಆರುವ ನಾಲ್ಕು ದೀಪಗಳ ಹಳ್ಳಿಗಾಗಿ ಇಷ್ಟನ್ನು ಯಾರು ಮಾಡಿಯಾರು? ಲೆಕ್ಕ ಸರಿಯೇ, ಆದರೂ ಆ ಲೆಕ್ಕದಲ್ಲಿ ಹಳ್ಳಿಯ ಮಗುವಿನ ಓದಿಗೆ ಅಂಕಣವಿರಲಿಲ್ಲವೆಂಬುದು ನನಗೆ ಇಂದಿಗೂ ಮನಸ್ಸಿಗೆ ಹತ್ತಿದ ವಿಷಯ. ಭಾರತ ಸ್ವತಂತ್ರವಾದಾಗ ಇಡೀ ದೇಶದಲ್ಲಿ ವಿದ್ಯುತ್ತು ಕಂಡ ಹಳ್ಳಿಗಳು ಸುಮಾರು 1,500 ಮಾತ್ರ.

ಮದ್ರಾಸ್ ಪ್ರಾಂತವೂ ಕೈಕಟ್ಟಿ ಕುಳಿತಿರಲಿಲ್ಲ. ನೀಲಗಿರಿಯ ಪೈಕಾರ ಕೇಂದ್ರ 1932ರಲ್ಲಿ ಆರಂಭವಾಯಿತು. ಮೆಟ್ಟೂರಿನ ಅಣೆಕಟ್ಟು 1934ರಲ್ಲಿ ಮುಗಿದು 1937ರಲ್ಲಿ ಅಲ್ಲಿಯ ವಿದ್ಯುತ್ ಕೇಂದ್ರ ಕೆಲಸಕ್ಕೆ ತೊಡಗಿತು. ಶಿವನಸಮುದ್ರದಲ್ಲಿ ಚಕ್ರ ತಿರುಗಿಸಿದ ಕಾವೇರಿಯ ನೀರೇ ಮೇಕೆದಾಟುವನ್ನು ಹಾಯ್ದು, ನಮ್ಮ ತೆಂಕಣ ದಿಕ್ಕಿನ ಹೊಗೇನಕಲ್ಲಿನಲ್ಲಿ ಧುಮುಕಿ, ಮೆಟ್ಟೂರಿನಲ್ಲಿ ಮತ್ತೊಮ್ಮೆ ಚಕ್ರ ತಿರುಗಿಸುತ್ತದೆ. 1957ರ ಜುಲೈ 1ರಂದು ಮದ್ರಾಸ್ ರಾಜ್ಯದ ವಿದ್ಯುತ್ ಮಂಡಲಿ ಸ್ಥಾಪಿತವಾಯಿತು. ಹಳ್ಳಿಗಳಿಗೂ ನೀರೆತ್ತುವ ಯಂತ್ರಗಳಿಗೂ ತಂತಿಯೆಳೆಯುವ ಕಾರ್ಯದಲ್ಲಿ ಆ ರಾಜ್ಯ ದೇಶದಲ್ಲಿ ಮುಂಚೂಣಿಯಲ್ಲಿತ್ತೆಂಬುದನ್ನು ನಾವು ಕನ್ನಡಿಗರು ಕೃತಜ್ಞತೆಯಿಂದ ಒಪ್ಪಬೇಕು. ನಮ್ಮ ಮನೆಗೆ ದೀಪ ಬಂದಾಗ ನಾನು ಪ್ರಾಥಮಿಕ ಶಾಲೆಯ ವಿದ್ಯಾರ್ಥಿ. ಅದುವರೆಗೆ ಪ್ರತಿದಿನ ಸಂಜೆ ಲಾಟೀನಿನ ಗಾಜನ್ನು ಬೂದಿಯಿಂದ ತಿಕ್ಕಿ ಒರೆಸುವ ಕೆಲಸ ನನ್ನದು. ಒಂದು ಗಾಜು ಒಡೆದರೆ ಆ ವಾರದ ಓದು ಹಣತೆಯ ಮುಂದೆಯೇ. ಮೊದಲ ರಾತ್ರಿ ಅಡಿಗೆಮನೆಯ ಜಂತೆಯಲ್ಲಿ ಅಷ್ಟೊಂದು ಮಸಿಯಿದೆಯೆಂದು ನಮ್ಮ ತಾಯಿಯವರಿಗೇ ತಿಳಿದದ್ದು.

ಮನೆಯೊಳಗಣ ವಿದ್ಯುನ್ಮಂಡಲದ ಏರ್ಪಾಡನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ, ದೊಡ್ಡವರು ಮರೆತಿರುತ್ತಾರೆ. ದೀಪಗಳನ್ನು ಒಂದರ ಹಿಂದೊಂದು ಸರಪಳಿಯಂತೆ ಪೋಣಿಸಿದರೆ ಒಂದು ಕೆಟ್ಟರೆ ಎಲ್ಲವೂ ಆರುತ್ತವೆ. ಉತ್ಸವದ ಹಳೆಯ ಬಣ್ಣದ ದೀಪಮಾಲೆಗಳಲ್ಲಿ ಇದನ್ನು ಕಂಡಿದ್ದೇವೆ. ಮನೆಯಲ್ಲಿ ಹಾಗಲ್ಲ, ಏಣಿಯ ಮೆಟ್ಟಿಲುಗಳಂತೆ ಎರಡು ತಂತಿಗಳ ನಡುವೆ ಪ್ರತಿಯೊಂದು ದೀಪವನ್ನೂ ಬೇರೆಬೇರೆಯಾಗಿ ಕಟ್ಟುತ್ತಾರೆ. ಪ್ರತಿಯೊಂದಕ್ಕೂ ಪೂರ್ಣ 230 ವೋಲ್ಟು ದೊರೆಯುತ್ತದೆ. ಒಂದು ಆರಿದರೆ ಇನ್ನೊಂದಕ್ಕೆ ಬಾಧಕವಿಲ್ಲ. ಆದರೆ ಇದರಲ್ಲಿ ಒಂದು ಗುಟ್ಟಿದೆ. ಹೊಸ ಉಪಕರಣವನ್ನು ಸೇರಿಸಿದಂತೆಲ್ಲ ಮೂಲ ತಂತಿಯ ಪ್ರವಾಹ ಏರುತ್ತಲೇ ಹೋಗುತ್ತದೆ. 60 ವ್ಯಾಟಿನ ಹಳೆಯ ಬುರುಡೆ ಸೆಳೆಯುವುದು ಕಾಲು ಆಂಪಿಯರು ಮಾತ್ರ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ನಾಲ್ಕಕ್ಕೂ ಹೆಚ್ಚು. ಎರಡು ಸಾವಿರ ವ್ಯಾಟಿನ ನೀರು ಕಾಯಿಸುವ ಯಂತ್ರ ಒಂಬತ್ತರ ಹತ್ತಿರ. ಜೂಲನ ನಿಯಮವನ್ನು ಇಲ್ಲಿ ನೆನೆಯಬೇಕು. ದೀಪಕ್ಕೆಂದು ಎಳೆದ ಸಣ್ಣ ತಂತಿಗೆ ನೀರು ಕಾಯಿಸುವ ಯಂತ್ರವನ್ನು ಜೋಡಿಸಿದರೆ ಪ್ರವಾಹ ಸುಮಾರು 33 ಪಟ್ಟು; ಗೋಡೆಯೊಳಗಿನ ಶಾಖ ಸಾವಿರ ಪಟ್ಟಿಗೂ ಮೀರಿ.

ಹೀಗೆ ತಂತಿ ಕಾದು ಕೆಡದಿರಲೆಂದು ಇಟ್ಟ ಕಾವಲುಗಾರನೇ ಫ್ಯೂಸು. ಮಂಡಲದಲ್ಲಿ ಬೇಕೆಂದೇ ಇಟ್ಟ ದುರ್ಬಲವಾದ ಕೊಂಡಿ ಅದು. ಪ್ರವಾಹ ಮಿತಿಮೀರಿದಾಗ ಮೊದಲು ತಾನು ಕರಗಿ ದಾರಿಯನ್ನು ಕಡಿಯುತ್ತದೆ. ಅದು ಸುಟ್ಟಿತೆಂದರೆ ಕೆಟ್ಟಿತೆಂದಲ್ಲ, ತನ್ನ ಕರ್ತವ್ಯ ಮಾಡಿತೆಂದು ಅರ್ಥ.

ಬಹಳ ವರ್ಷಗಳ ಕೆಳಗೆ ನಮ್ಮ ಬಂಧುಗಳ ಮನೆಯೊಂದರಲ್ಲಿ ಫ್ಯೂಸು ಪದೇ ಪದೇ ಸುಡುತ್ತಿತ್ತು. ಮದುವೆಯ ಸಡಗರ; ಮನೆ ತುಂಬ ನೆಂಟರು; ಚಪ್ಪರಕ್ಕೂ ಅದೇ ತಂತಿಯಿಂದ ದೀಪಗಳು. ಬೇಸರಗೊಂಡ ಯಜಮಾನರು ನೀರೆತ್ತುವ ಯಂತ್ರದ ಹಳೆಯ ತಂತಿಯಿಂದ ನಾಲ್ಕು ಎಳೆ ತಾಮ್ರವನ್ನು ಹೊಸೆದು ಫ್ಯೂಸಿನ ಸ್ಥಳದಲ್ಲಿ ಬಿಗಿದರು. "ಇನ್ನು ಹೇಗೆ ಹೋಗುತ್ತದೋ ನೋಡೋಣ" ಎಂದರಂತೆ. ಅದು ಹೋಗಲಿಲ್ಲ. ರಾತ್ರಿ ಎರಡರ ಸುಮಾರಿಗೆ ಅಟ್ಟದ ಮೇಲೆ ಮರದ ಪಟ್ಟಿಯ ತಂತಿ ಕಾದು ಹೊತ್ತಿಕೊಂಡಿತು. ಅಟ್ಟದ ತುಂಬ ರಾಗಿಯ ಮೂಟೆ, ಜೋಳದ ತೆನೆ, ಮೂರು ತಲೆಮಾರಿನ ಕಾಗದಪತ್ರ. ಜನರು ಉಳಿದರು, ಅಂಗಳದಲ್ಲಿ ಮಲಗಿದ್ದ ಮಕ್ಕಳ ಭಾಗ್ಯ ದೊಡ್ಡದು. ಅಟ್ಟ ಉಳಿಯಲಿಲ್ಲ. ಬೆಳಗ್ಗೆ ನೋಡಿದರೆ, ಮಾಡು ಕುಸಿದ ಗೋಡೆಯ ಮೇಲೆ ಆ ತಾಮ್ರದ ಎಳೆಗಳು ಮಾತ್ರ ಗಟ್ಟಿಯಾಗಿ ಕುಳಿತಿದ್ದವು. ಆ ಯಜಮಾನರು ಅವಿವೇಕಿಗಳಲ್ಲ. ಊರಿನಲ್ಲಿ ಲೆಕ್ಕಪತ್ರ ಬಲ್ಲ ದೊಡ್ಡ ಮನುಷ್ಯರೆನಿಸಿದವರು. ಅವರಿಗೆ ಈ ಒಂದು ಲೆಕ್ಕವನ್ನು ಯಾರೂ ಹೇಳಿರಲಿಲ್ಲ, ಅಷ್ಟೆ.

ಮನುಷ್ಯದೇಹಕ್ಕೂ ಓಮನ ಸೂತ್ರವೇ ಅನ್ವಯಿಸುತ್ತದೆ. ಒಣಚರ್ಮದ ರೋಧ ಹತ್ತಾರು ಸಾವಿರ ಓಮುಗಳಿರಬಹುದು. ನೆನೆದ ಮೈಯಲ್ಲಿ ಅದು ಸಾವಿರದ ಸುತ್ತಿಗೆ ಇಳಿಯುತ್ತದೆ. 230 ವೋಲ್ಟನ್ನು ಸಾವಿರದಿಂದ ಭಾಗಿಸಿದರೆ ಕಾಲು ಆಂಪಿಯರಿಗೆ ಸ್ವಲ್ಪ ಕಡಿಮೆ. ಒಂದು ಸಣ್ಣ ಬುರುಡೆಯನ್ನು ಉರಿಸುವಷ್ಟೇ ಪ್ರವಾಹವಾದರೂ ಹೃದಯವನ್ನು ನಿಲ್ಲಿಸಲು ಅದರ ನಾಲ್ಕನೆಯ ಒಂದು ಪಾಲೇ ಸಾಕಾಗಬಹುದು. ಐದು ಆಂಪಿಯರಿನ ಫ್ಯೂಸು ಇದಕ್ಕೆ ಕರಗುವುದೇ ಇಲ್ಲ! ಫ್ಯೂಸು ಮನೆಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲೆಂದು ಮೂರನೆಯ ತಂತಿ, ಭೂಸಂಪರ್ಕದ ತಂತಿ. ಯಂತ್ರದ ಲೋಹದ ಹೊದಿಕೆಗೆ ವಿದ್ಯುತ್ತು ಸೋರಿದರೆ ಅದು ಮುಟ್ಟಿದವನ ಮೈಯನ್ನು ಬಿಟ್ಟು, ರೋಧ ಕಡಿಮೆಯಿರುವ ಆ ತಂತಿಯ ದಾರಿ ಹಿಡಿದು ನೆಲಕ್ಕಿಳಿಯುತ್ತದೆ. ಈಚೆಗೆ ಸೋರಿಕೆಯನ್ನು ಗುರುತಿಸಿ, ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಸಾವಿರಾಂಶ ಆಂಪಿಯರಿನ ವ್ಯತ್ಯಾಸ ಕಂಡೊಡನೆ ಸಂಪರ್ಕ ಕಡಿಯುವ ಸಾಧನಗಳೂ ಬಂದಿವೆ. ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ನೀರೆತ್ತುವ ಯಂತ್ರದ ಗುಂಡಿ ಒತ್ತುವ ನಮ್ಮ ಗುಲಾಬಿ, ತರಕಾರಿಯ ರೈತರಿಗೆ ಇದರ ಅಗತ್ಯ ಪಟ್ಟಣದವರಿಗಿಂತ ಹೆಚ್ಚು. ಗುಂಡಿಯನ್ನು ಕೂಡ ಜೀವತಂತಿಯ ಮೇಲೆಯೇ ಇಡಬೇಕು. ಮರಳುವ ತಂತಿಯ ಮೇಲಿಟ್ಟರೆ ದೀಪ ಆರಿದ್ದರೂ ಅದರ ಹಿಡಿ ಜೀವಂತವಾಗಿಯೇ ಇರುತ್ತದೆ. ದೀಪ ಬದಲಾಯಿಸಹೋಗಿ ಪ್ರಾಣ ಕಳೆದುಕೊಂಡವರ ಸುದ್ದಿ ವರ್ಷ ವರ್ಷವೂ ಪತ್ರಿಕೆಗಳಲ್ಲಿ ಬರುತ್ತದೆ.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಯಾರಿಗಾಗಿ ಆ ತಂತಿಯನ್ನು ಎಳೆದರೋ ಅವರೇ ಇಲ್ಲವಾದರು. ಶಿವನಸಮುದ್ರದ ಕೇಂದ್ರ ಇನ್ನೂ ವಿದ್ಯುತ್ತನ್ನು ಕೊಡುತ್ತಿದೆ. 2013ರ ಡಿಸೆಂಬರ್ 31ರಂದು ರಾಯಚೂರು, ಸೊಲ್ಲಾಪುರಗಳ ನಡುವಣ ತಂತಿಯಿಂದ ದಕ್ಷಿಣ ಭಾರತದ ಜಾಲವು ಉಳಿದ ದೇಶದ ಜಾಲದೊಡನೆ ಕೂಡಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಆ ಜಾಲದ ಎಲ್ಲ ಯಂತ್ರಗಳೂ ಒಂದೇ ತಾಳದಲ್ಲಿ, ಸೆಕೆಂಡಿಗೆ 50 ಆವರ್ತನೆಯಂತೆ ತಿರುಗುತ್ತಿವೆ. ನಮ್ಮ ಮನೆಯ ದೀಪದಲ್ಲಿರುವುದು ಮೆಟ್ಟೂರಿನದೋ ಶಿವನಸಮುದ್ರದ್ದೋ ಎಂದು ಬೇರ್ಪಡಿಸಿ ಹೇಳಲು ಈಗ ಯಾವ ಪಂಡಿತನಿಂದಲೂ ಆಗದು.

ಕೊನೆಯದಾಗಿ ಒಂದು ಮನೆವಾರ್ತೆಯ ಮಾತು. ಹಳೆಯ ಮನೆಗಳಲ್ಲಿ ಭೂಸಂಪರ್ಕದ ಗುಂಡಿಯನ್ನು ಇದ್ದಲು, ಉಪ್ಪು ತುಂಬಿ ಹಿತ್ತಿಲಿನಲ್ಲಿ ಮಾಡಿರುತ್ತಾರೆ. ಮಣ್ಣು ಒಣಗಿದರೆ ಅದರ ರೋಧ ಏರಿ, ಗುಂಡಿಯಿದ್ದೂ ಇಲ್ಲದಂತಾಗುತ್ತದೆ. ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ತುಳಸಿಯ ಕಟ್ಟೆಗೆ ನೀರೆರೆಯುವಾಗ ಆ ಗುಂಡಿಗೂ ಒಂದು ಕೊಡ ನೀರು ಹಾಕಬೇಕು. ನಮ್ಮ ಮನೆಯಲ್ಲಿ ಆ ಕೆಲಸವನ್ನು ಈಗ ಮೊಮ್ಮಗಳು ವಹಿಸಿಕೊಂಡಿದ್ದಾಳೆ.